ಮೋಟಾರ್‌ಸೈಕಲ್ ಬ್ರೇಕ್ ಪ್ಯಾಡ್‌ಗಳ ಆಯ್ಕೆ

ಬ್ರೇಕ್ ಪ್ಯಾಡ್ ಎಂಬುದು ಡಿಸ್ಕ್ ಬ್ರೇಕ್ ವ್ಯವಸ್ಥೆಯಲ್ಲಿ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ವಾಹನದ ವೇಗವನ್ನು ತಗ್ಗಿಸುವ, ಸವೆದಂತೆ ಬದಲಾಯಿಸಬೇಕಾದ ಬಿಡಿಭಾಗ. ಉಕ್ಕಿನ ಹಿಂಬದಿ ತಟ್ಟೆಯ ಮೇಲೆ ಘರ್ಷಣ ವಸ್ತುವಿನ ಪದರವನ್ನು ಕೂರಿಸಿ ಇದನ್ನು ತಯಾರಿಸಲಾಗುತ್ತದೆ. ಬದಲಿ ಪ್ಯಾಡಿನ ಆಯ್ಕೆಯು ವಾಹನದ ಮಾದರಿ, ಡಿಸ್ಕಿನ ಲೋಹ, ಸವಾರಿಯ ರೀತಿ ಹಾಗೂ ಹವಾಮಾನವನ್ನು ಅವಲಂಬಿಸಿದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಉಡುಪಿ ಕರಾವಳಿಯಲ್ಲಿ ಹವಾಮಾನಕ್ಕೆ ವಿಶೇಷ ಮಹತ್ವವಿದೆ. ಡ್ರಮ್ ಬ್ರೇಕ್ ಇರುವ ವಾಹನಗಳಲ್ಲಿ ಪ್ಯಾಡಿನ ಬದಲು ಬ್ರೇಕ್ ಶೂ ಇರುತ್ತದೆ.

ಹಿನ್ನೆಲೆ

1969ರ ಹೋಂಡಾ ಸಿಬಿ 750 ಮಾದರಿಯ ನಂತರ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಮೋಟಾರ್‌ಸೈಕಲ್‌ಗಳಲ್ಲಿ ವ್ಯಾಪಕವಾಯಿತು. ಭಾರತದಲ್ಲಿ 125 ಸಿಸಿಗಿಂತ ಹೆಚ್ಚಿನ ಸಾಮರ್ಥ್ಯದ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಉಳಿದವಕ್ಕೆ 2019ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ಮಾರಾಟವಾದ ಹಲವು ವಾಹನಗಳಲ್ಲಿ ಎಬಿಎಸ್ ಇಲ್ಲ. ಪ್ಯಾಡ್ ಆರಿಸುವಾಗ ಈ ಸಂಗತಿಯನ್ನು ಗಮನಿಸಬೇಕಾಗುತ್ತದೆ.

ಉಷ್ಣ ಮತ್ತು ವೇಗ

ಬ್ರೇಕ್ ಒತ್ತಿದಾಗ ವಾಹನದ ಚಲನಶಕ್ತಿಯು ಉಷ್ಣವಾಗಿ ಮಾರ್ಪಡುತ್ತದೆ. ಸವಾರನೂ ಸೇರಿ 220 ಕಿ.ಗ್ರಾಂ ತೂಕದ ಮೋಟಾರ್‌ಸೈಕಲ್ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 30 ಕಿಲೋಜೂಲ್, 80 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 54 ಕಿಲೋಜೂಲ್ ಶಕ್ತಿ ಹೀಗೆ ಕರಗಬೇಕು. ಘಟ್ಟದ ಇಳಿಜಾರಿನಲ್ಲಿ ಲೆಕ್ಕವೇ ಬೇರೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಿಂದ ಸೋಮೇಶ್ವರದತ್ತ ಬರುವಂತಹ ಹಾದಿಯಲ್ಲಿ ಇದೇ ವಾಹನ 500 ಮೀಟರ್ ಎತ್ತರ ಇಳಿದರೆ ಸಾವಿರ ಕಿಲೋಜೂಲಿಗೂ ಮಿಕ್ಕಿದ ಶಕ್ತಿ ಬಿಡುಗಡೆಯಾಗುತ್ತದೆ. ಅಂದರೆ 60 ಕಿ.ಮೀ. ವೇಗದಿಂದ ಸುಮಾರು 35 ಬಾರಿ ನಿಲ್ಲಿಸಿದಷ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನು ಇದರಲ್ಲಿ ಬಹುಪಾಲನ್ನು ತಡೆಯುತ್ತದೆ. ಕ್ಲಚ್ ಹಿಡಿದು ಇಳಿದರೆ ಗಾಳಿಯ ತಡೆ ಕಳೆದು ಉಳಿದ ಹೊರೆಯೆಲ್ಲ ಪ್ಯಾಡಿನ ಮೇಲೆ ಬೀಳುತ್ತದೆ. ಅತಿಯಾಗಿ ಕಾದ ಪ್ಯಾಡಿನ ಹಿಡಿತ ಕುಗ್ಗುವುದನ್ನು ಬ್ರೇಕ್ ಫೇಡ್ ಎನ್ನುತ್ತಾರೆ.

ಘರ್ಷಣ ವಸ್ತುವಿನ ವಿಧಗಳು

ಹಿಂದೆ ಘರ್ಷಣ ವಸ್ತುವಿನಲ್ಲಿ ಆಸ್ಬೆಸ್ಟಾಸ್ ಬಳಸಲಾಗುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಅನ್ಯ ನಾರುಗಳನ್ನು ರಾಳದಲ್ಲಿ ಬೆಸೆದ ಆರ್ಗ್ಯಾನಿಕ್ ಪ್ಯಾಡುಗಳು ಬಂದವು. ಇವು ಮೃದು, ಸದ್ದು ಕಡಿಮೆ, ಡಿಸ್ಕಿನ ಸವೆತವೂ ಕಡಿಮೆ. ಆದರೆ ಬೇಗ ಸವೆಯುತ್ತವೆ, ಹೆಚ್ಚಿನ ಉಷ್ಣದಲ್ಲಿ ಹಿಡಿತ ಕಳೆದುಕೊಳ್ಳುತ್ತವೆ. ಲೋಹದ ಪುಡಿಯನ್ನು ಒತ್ತಡ ಮತ್ತು ಶಾಖದಿಂದ ಬೆಸೆದು ತಯಾರಿಸುವ ಸಿಂಟರ್ಡ್ ಪ್ಯಾಡುಗಳು ಹೆಚ್ಚು ಉಷ್ಣವನ್ನು ತಾಳುತ್ತವೆ, ಒದ್ದೆಯಲ್ಲಿಯೂ ಹಿಡಿತವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ಡಿಸ್ಕನ್ನು ಹೆಚ್ಚು ಸವೆಸುವುದು ಇವುಗಳ ದೋಷ. ಸಿಂಟರ್ಡ್ ಪ್ಯಾಡಿಗೆಂದು ರೂಪಿಸದ ಡಿಸ್ಕಿಗೆ, ಅದರಲ್ಲೂ ಎರಕದ ಕಬ್ಬಿಣದ ಡಿಸ್ಕಿಗೆ, ಇವನ್ನು ಹಾಕಬಾರದು. ಅರೆ ಲೋಹೀಯ ಪ್ಯಾಡುಗಳು ಇವೆರಡರ ನಡುವಿನವು. ಸ್ಪರ್ಧೆಗಾಗಿ ತಯಾರಾದವು ಕಾದ ಮೇಲಷ್ಟೇ ಚೆನ್ನಾಗಿ ಹಿಡಿಯುವುದರಿಂದ ಪೇಟೆಯ ಸವಾರಿಗೆ ಯೋಗ್ಯವಲ್ಲ.

ಅಕ್ಷರ ಸಂಕೇತಗಳು

ಅನೇಕ ಪ್ಯಾಡುಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿನ, ಎರಡನೆಯದು ಹೆಚ್ಚಿನ ಉಷ್ಣತೆಯಲ್ಲಿನ ಘರ್ಷಣ ಗುಣಾಂಕವನ್ನು ಸೂಚಿಸುತ್ತದೆ. ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಹೆಚ್ಚು. ಎಚ್‌ಎಚ್ ಎಲ್ಲಕ್ಕಿಂತ ಉತ್ತಮವೆಂಬುದು ರೂಢಿಯ ನಂಬಿಕೆಯಷ್ಟೆ. ಇದು ಪ್ರಯೋಗಾಲಯದಲ್ಲಿ ಪ್ಯಾಡಿನ ಸಣ್ಣ ತುಂಡನ್ನು ಒಣಗಿದ ಸ್ಥಿತಿಯಲ್ಲಿ ಪರೀಕ್ಷಿಸಿ ಕೊಡುವ ಶ್ರೇಣಿ. ಒದ್ದೆಯಾದಾಗಿನ ವರ್ತನೆ, ಬಾಳಿಕೆ, ಡಿಸ್ಕಿನ ಸವೆತ ಇವಾವುದನ್ನೂ ಇದು ಹೇಳುವುದಿಲ್ಲ. ಎಬಿಎಸ್ ಇಲ್ಲದ ಹಗುರ ವಾಹನಕ್ಕೆ ಮೂಲಕ್ಕಿಂತ ಬಹಳ ಹೆಚ್ಚು ಹಿಡಿತದ ಪ್ಯಾಡ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಮುಂಚಕ್ರ ಥಟ್ಟನೆ ಸಿಲುಕಿ ಜಾರುವ ಅಪಾಯವಿದೆ.

ಕರಾವಳಿಯ ಪರಿಸ್ಥಿತಿ

ಉದ್ಯಾವರವು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ನದಿಗೂ ಕಡಲಿಗೂ ಸಮೀಪದಲ್ಲಿದೆ. ಇಲ್ಲಿಂದ ಉಡುಪಿ, ಮಣಿಪಾಲ ಅಥವಾ ಕಾಪುವಿಗೆ ನಿತ್ಯ ಓಡಾಡುವ ವಾಹನದ ಬ್ರೇಕು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುತೇಕ ಒದ್ದೆಯಾಗಿಯೇ ಇರುತ್ತದೆ. ಡಿಸ್ಕಿನ ಮೇಲಿನ ನೀರಿನ ತೆಳು ಪದರವನ್ನು ಒರೆಸಿದ ನಂತರವೇ ಪ್ಯಾಡ್ ಹಿಡಿಯುವುದರಿಂದ ಮೊದಲ ಒತ್ತಿಗೆ ಬ್ರೇಕು ಕ್ಷಣಕಾಲ ತಡವಾಗಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡೆಂದರೆ ಎಂಟು ಮೀಟರಿಗೂ ಹೆಚ್ಚು ದೂರ. ತಯಾರಕರು ಒಪ್ಪಿದ ಡಿಸ್ಕುಳ್ಳ ವಾಹನಗಳಿಗೆ ಸಿಂಟರ್ಡ್ ಪ್ಯಾಡ್ ಇಲ್ಲಿ ಸೂಕ್ತವೆನಿಸುವುದು ಈ ಕಾರಣದಿಂದ, ವೇಗದ ಸವಾರಿಯ ಕಾರಣದಿಂದಲ್ಲ.

ಉಪ್ಪಿನಂಶದಿಂದ ಬರುವ ತುಕ್ಕು ಇನ್ನೊಂದು ತೊಡಕು. ಹಿಂಬದಿ ತಟ್ಟೆ ತುಕ್ಕು ಹಿಡಿದರೆ ಘರ್ಷಣ ಪದರ ಇನ್ನೂ ದಪ್ಪವಿರುವಾಗಲೇ ಅಂಚಿನಿಂದ ಎದ್ದು ಬರಬಹುದು. ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಂಡರೆ ಒಂದು ಪ್ಯಾಡ್ ಮಾತ್ರ ಸವೆಯುತ್ತದೆ. ಇಂತಲ್ಲಿ ಪ್ಯಾಡನ್ನಷ್ಟೇ ಬದಲಾಯಿಸಿದರೆ ದೋಷ ಉಳಿದೇ ಇರುತ್ತದೆ. ಮಲ್ಪೆ, ಪಡುಕೆರೆ, ಕಾಪುವಿನ ಕಡಲತೀರದಲ್ಲಿ ಮರಳು ಮೆತ್ತಿಕೊಂಡ ವಾಹನವನ್ನು ಸಿಹಿನೀರಿನಿಂದ ತೊಳೆಯುವುದು ಸೂಕ್ತ. ಒಳರಸ್ತೆಗಳ ಮುರಕಲ್ಲಿನ ಕೆಂಪು ಕೆಸರೂ ಪ್ಯಾಡು, ಡಿಸ್ಕುಗಳನ್ನು ಉಜ್ಜಿ ಸವೆಸುತ್ತದೆ.

ಖರೀದಿ ಮತ್ತು ಅಳವಡಿಕೆ

ಒಂದೇ ಹೆಸರಿನ ವಾಹನದ ಬೇರೆ ಬೇರೆ ವರ್ಷದ ಆವೃತ್ತಿಗಳಲ್ಲಿ ಕ್ಯಾಲಿಪರ್ ಬೇರೆಯಾಗಿರಬಹುದು. ಆದ್ದರಿಂದ ಹಳೆಯ ಪ್ಯಾಡಿನ ಆಕಾರ ಮತ್ತು ಕೈಪಿಡಿಯಲ್ಲಿನ ಬಿಡಿಭಾಗ ಸಂಖ್ಯೆ ಎರಡನ್ನೂ ಹೋಲಿಸಬೇಕು. ಘರ್ಷಣ ಪದರ ಸಾಮಾನ್ಯವಾಗಿ 1ರಿಂದ 1.5 ಮಿ.ಮೀ.ಗೆ ಇಳಿದಾಗ, ಅಥವಾ ಅದರಲ್ಲಿನ ಗುರುತಿನ ಗೆರೆ ಅಳಿದಾಗ, ಒಂದು ಕ್ಯಾಲಿಪರಿನ ಪ್ಯಾಡುಗಳನ್ನು ಜೊತೆಯಾಗಿಯೇ ಬದಲಾಯಿಸಲಾಗುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಹೆಚ್ಚಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕುವುದು ವ್ಯರ್ಥ.

ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವಾಗ ಬ್ರೇಕ್ ದ್ರವ ಉಕ್ಕಿ ಬಣ್ಣವನ್ನು ಕೆಡಿಸಬಹುದು. ಹೊಸ ಪ್ಯಾಡ್ ಕೂರಿಸಿದ ಮೇಲೆ ಲಿವರನ್ನು ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತದೆ ಹೊರಟರೆ ಮೊದಲ ಬಾರಿಗೆ ಬ್ರೇಕೇ ಹಿಡಿಯದಿರಬಹುದು. ಬಳಿಕ ಮಧ್ಯಮ ವೇಗದಿಂದ ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು, ಹತ್ತಾರು ಬಾರಿ ವೇಗ ತಗ್ಗಿಸಿದರೆ ಪ್ಯಾಡು ಮತ್ತು ಡಿಸ್ಕಿನ ಮೇಲ್ಮೈಗಳು ಪರಸ್ಪರ ಹೊಂದಿಕೊಳ್ಳುತ್ತವೆ. ಘಟ್ಟದ ಪ್ರಯಾಣವನ್ನು ಇದಾದ ಮೇಲೆ ಇಟ್ಟುಕೊಳ್ಳುವುದು ಕ್ಷೇಮ.