ಮನೆಮುಂದೆ ಅಶೋಕ ನೆಡ್ತೀರಾ? ಮೊದಲು ಎಲೆ ನೋಡಿ

ಇವತ್ತು ಒಂದು ಮರದ ವಿಷಯ. ಹೆಸರು ಎಲ್ಲರಿಗೂ ಗೊತ್ತು, ಮರ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಅಶೋಕ. ಈ ಹೆಸರು ಹೇಳಿದ ತಕ್ಷಣ ನಿಮ್ಮ ಕಣ್ಣಮುಂದೆ ಬಂದಿದ್ದು ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ನಿಂತಿರೋ ಮರ ಅಲ್ವಾ? ನನಗೂ ಹಾಗೇ ಆಗಿತ್ತು.

2011ರಲ್ಲಿ ತುಮಕೂರಿನಲ್ಲಿ ಮನೆ ಕಟ್ಟಿದಾಗ ಅಮ್ಮ ಕೇಳಿದ್ದು ಒಂದೇ: "ಮುಂದೆ ಒಂದು ಅಶೋಕ ಹಾಕೋ." ನಾನು ಹತ್ತಿರದ ಒಂದು ನರ್ಸರಿಯಲ್ಲಿ ಅಶೋಕ ಅಂತ ಕೊಟ್ಟ ಸಸಿ ತಂದು ನೆಟ್ಟೆ. ಮೂರು ವರ್ಷಕ್ಕೆ ಅದು ಛಾವಣಿ ದಾಟಿತು. ಒಂದು ದಿನ ಅಮ್ಮ ಅದರ ಬುಡದಲ್ಲಿ ನಿಂತು, "ಇದು ಅಶೋಕ ಅಲ್ಲ ಕಣೋ, ನಮ್ಮೂರಲ್ಲಿ ಹಳ್ಳದ ಪಕ್ಕ ಇರ್ತಿತ್ತಲ್ಲ, ಕಿತ್ತಳೆ ಹೂವಿಂದು, ಅದು" ಅಂದರು. ಅವರ ಊರು ತೀರ್ಥಹಳ್ಳಿ ಕಡೆ.

ಅಮ್ಮ ಹೇಳಿದ್ದೇ ಸರಿ. ನಾನು ನೆಟ್ಟಿದ್ದು ಸೀತಾಫಲದ ಕುಟುಂಬಕ್ಕೆ ಸೇರಿದ ಮರ. ಅದೂ ನಮ್ಮ ಕಡೆಯದೇ, ಕೆಟ್ಟ ಮರವೇನಲ್ಲ, ಆದರೆ ಅಶೋಕ ಅಲ್ಲ. ನಿಜವಾದ ಅಶೋಕ, ಅಂದರೆ ಸೀತಾ ಅಶೋಕ, ಹುಣಸೆ, ಕಕ್ಕೆ ಇರುವ ದ್ವಿದಳ ಕುಟುಂಬದ್ದು. ಹಳಗನ್ನಡದಲ್ಲಿ ಇದಕ್ಕೆ ಅಸುಗೆ ಅಂತ ಹೆಸರು. ರಾವಣ ಸೀತೆಯನ್ನಿಟ್ಟಿದ್ದ ವನ ಈ ಮರದ ಹೆಸರಿನದು. ಹೆಣ್ಣಿನ ಪಾದ ಸೋಕಿದರೆ ಅಶೋಕ ಹೂ ಬಿಡುತ್ತೆ ಅನ್ನೋ ನಂಬಿಕೆಯನ್ನ ಕಾಳಿದಾಸ 'ಮಾಲವಿಕಾಗ್ನಿಮಿತ್ರ'ದಲ್ಲಿ ಬಳಸಿಕೊಂಡಿದ್ದಾನೆ.

ಹಾಗಾದರೆ ಗುರುತಿಸೋದು ಹೇಗೆ? ಬಹಳ ಜನ ಚಿಗುರಿನ ಬಣ್ಣ ನೋಡ್ತಾರೆ. ಅದನ್ನ ನಂಬಬೇಡಿ, ಎರಡರ ಚಿಗುರೂ ತಾಮ್ರದ ಬಣ್ಣವೇ. ಎಲೆಯ ಜೋಡಣೆ ನೋಡಿ. ನಿಜವಾದ ಅಶೋಕದಲ್ಲಿ ಒಂದೇ ಕಡ್ಡಿಯ ಎರಡೂ ಬದಿಗೆ ಜೋಡಿಜೋಡಿಯಾಗಿ ನಾಲ್ಕೈದು ಜೊತೆ ಕಿರುಎಲೆ ಇರುತ್ತವೆ, ಅಂಚು ನಯವಾಗಿರುತ್ತೆ. ಇನ್ನೊಂದರಲ್ಲಿ ಉದ್ದನೆಯ ಬಿಡಿ ಎಲೆ, ಅಂಚು ಅಲೆಅಲೆ. ಹೂ, ಕಾಯಿ ಬಂದ ಮೇಲಂತೂ ಅನುಮಾನವೇ ಇಲ್ಲ: ಅಶೋಕಕ್ಕೆ ಕಿತ್ತಳೆ ಗೊಂಚಲು, ಚಪ್ಪಟೆ ಕಾಯಿ, ಅದಕ್ಕೆ ಕಣ್ಣಿಗೆ ಬೀಳದ ತಿಳಿಹಸಿರು ಹೂವು, ಗುಂಡುಗುಂಡು ಹಣ್ಣು.

ಈ ಗೊಂದಲ ಬರೀ ತೋಟದ ಸಮಸ್ಯೆ ಅಲ್ಲ. ಅಶೋಕದ ತೊಗಟೆಯಿಂದ ಅಶೋಕಾರಿಷ್ಟ ಮಾಡ್ತಾರೆ. ಮಾರುಕಟ್ಟೆಯಲ್ಲಿ ಆ ತೊಗಟೆಗೆ ಇನ್ನೊಂದರ ತೊಗಟೆ ಬೆರೆಸೋದೂ ಇದೆ. ಕಾಡಿನಲ್ಲಿ ತೊಗಟೆ ಸುಲಿದೂ ಸುಲಿದೂ ಅಶೋಕ ಕಮ್ಮಿಯಾಗಿ, ಇವತ್ತು ಅಪಾಯದಂಚಿನ ಮರಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಮನೆಮುಂದೆ ಒಂದು ಬೆಳೆಸಿದರೂ ಲೆಕ್ಕಕ್ಕೆ ಬರುತ್ತೆ ಅಂತ ನಾನು ಹೇಳೋದು ಅದಕ್ಕೇ.

ಈಗ ಬೆಳೆಸೋ ವಿಷಯ. ಮಳೆಗಾಲದ ಹೊತ್ತಿಗೆ ಕಾಯಿ ಬಲಿತು ಒಡೆಯುತ್ತೆ. ನಾನು 2015ರಲ್ಲಿ ಒಂದು ಹಿಡಿ ಬೀಜ ತಂದು, ಅವರೆಕಾಳಿನ ಹಾಗೆ ಬಿಸಿಲಲ್ಲಿ ಒಣಗಿಸಿ, ಒಂದು ತಿಂಗಳು ಡಬ್ಬಿಯಲ್ಲಿಟ್ಟು ಹಾಕಿದೆ. ಒಂದೂ ಮೊಳೆಯಲಿಲ್ಲ. ಈ ಬೀಜ ಒಣಗಿದರೆ ಸತ್ತ ಹಾಗೆ. ಮಾರನೇ ವರ್ಷ ಬಿದ್ದ ಬೀಜ ಆರಿಸಿ, ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆಯೇ ಚೀಲದಲ್ಲಿ ಅರ್ಧ ಇಂಚು ಆಳಕ್ಕೆ ಊರಿದೆ. ಮೂರು ವಾರಕ್ಕೆ ಮೊಳಕೆ ಬಂತು.

ಸಸಿ ಒಂದಡಿ ಆದ ಮೇಲೆ, ಮಳೆ ಹಿಡಿದಾಗ ನೆಲಕ್ಕೆ ಹಾಕಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ನಾನು ಗೋಡೆಯಿಂದ ಹತ್ತಡಿ ಬಿಟ್ಟಿದ್ದೇನೆ. ಇದು ಸಾಮಾನ್ಯವಾಗಿ 20ರಿಂದ 30 ಅಡಿ ಬೆಳೆಯೋ ಮರ, ಆದರೆ ಕೊಂಬೆ ಅಗಲಕ್ಕೆ ಹರಡುತ್ತೆ. ಕಾಡಲ್ಲಿ ದೊಡ್ಡ ಮರಗಳ ಕೆಳಗೆ, ಹಳ್ಳದ ದಂಡೆಯಲ್ಲಿ ಬೆಳೆಯೋ ಗಿಡ ಇದು. ಆದ್ದರಿಂದ ಎಳೆಯದಿರುವಾಗ ಮಧ್ಯಾಹ್ನದ ಬಿಸಿಲು ಬೀಳದ ಕಡೆ ಇರಲಿ. ನಮ್ಮಂಥ ಬಯಲುಸೀಮೆಯಲ್ಲಿ ಮೊದಲ ಮೂರು ಬೇಸಿಗೆ ನೀರು ತಪ್ಪಿಸಬಾರದು. ಬುಡಕ್ಕೆ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ.

ಒಂದು ಎಚ್ಚರಿಕೆ. ಹೊಸ ಚಿಗುರು ಬಂದಾಗ ಎಲೆಗಳೆಲ್ಲ ಒದ್ದೆ ಬಟ್ಟೆ ಥರ ಜೋತುಬೀಳುತ್ತವೆ. ಬಾಡಿತು ಅಂತ ಗಾಬರಿಯಾಗಿ ನಾನು ಒಂದು ಸಸಿಗೆ ದಿನಾ ಬಿಂದಿಗೆಗಟ್ಟಲೆ ನೀರು ಹೊಯ್ದೆ, ಬೇರು ಕೊಳೆತು ಸತ್ತೇಹೋಯ್ತು. ಜೋತುಬೀಳೋದು ಅದರ ಸ್ವಭಾವ. ಎಲೆ ಹಸಿರಾದಂತೆ ತಾನೇ ಗಟ್ಟಿಯಾಗುತ್ತೆ. ನೀರು ಬೇಕೋ ಬೇಡವೋ ಅಂತ ಮಣ್ಣಿಗೆ ಬೆರಳು ಹಾಕಿ ನೋಡಿ, ಎಲೆಯನ್ನ ಕೇಳಬೇಡಿ.

ಉಳಿದ ಸಸಿ 2017ರಲ್ಲಿ ನೆಲಕ್ಕೆ ಹೋಯಿತು. ಅದು ಮೊದಲ ಹೂ ಬಿಟ್ಟಿದ್ದು 2024ರ ಫೆಬ್ರವರಿಯಲ್ಲಿ. ಹೂ ಬರೋದು ಕೊಂಬೆಯ ತುದಿಯಲ್ಲಿ ಮಾತ್ರ ಅಲ್ಲ, ಹಳೇ ಕೊಂಬೆಗೂ ಕಾಂಡಕ್ಕೂ ಅಂಟಿಕೊಂಡ ಹಾಗೆ ಗೊಂಚಲು. ನಾವು ದಳ ಅಂದುಕೊಳ್ಳೋದು ದಳವೇ ಅಲ್ಲ, ಬಣ್ಣ ತುಂಬಿದ ಪುಷ್ಪಪತ್ರ. ಅರಳಿದಾಗ ಹಳದಿ-ಕಿತ್ತಳೆ, ಹಳೆಯದಾದಂತೆ ಕೆಂಪು. ಅದಕ್ಕೇ ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣ ಕಾಣೋದು. ಒಳ್ಳೆ ಪರಿಮಳ. ಹೂವು ಮುಗಿಯೋವರೆಗೂ ಕತ್ತರಿ ಹಾಕಬೇಡಿ, ಸವರುವುದಿದ್ದರೆ ಆಮೇಲೆ.

ಅಮ್ಮ ಅದನ್ನ ನೋಡಲಿಲ್ಲ. 2022ರಲ್ಲಿ ತೀರಿಕೊಂಡರು. 2011ರಲ್ಲೇ ಸರಿಯಾದ ಸಸಿ ತಂದಿದ್ದರೆ ಅವರ ಕಾಲಕ್ಕೇ ಹೂ ಬರ್ತಿತ್ತು ಅಂತ ಈಗಲೂ ಲೆಕ್ಕ ಹಾಕ್ತೀನಿ. ಆ ದಿನ ಸಸಿಯ ಎಲೆಯನ್ನ ಎರಡು ನಿಮಿಷ ನೋಡಿದ್ದರೆ ಸಾಕಿತ್ತು.

ಆದ್ದರಿಂದ ನರ್ಸರಿಗೆ ಹೋದಾಗ "ಅಶೋಕ ಕೊಡಿ" ಅನ್ನಬೇಡಿ, "ಸೀತಾ ಅಶೋಕ" ಅಂತ ಕೇಳಿ. ಎಲೆಯ ಜೋಡಿ ಎಣಿಸಿ, ಆಮೇಲೆ ದುಡ್ಡು ಕೊಡಿ. ಈ ಮಳೆಗಾಲ ನಮ್ಮ ಮರದಲ್ಲೂ ಕಾಯಿ ಬಲಿತಿದೆ. ಬೀಜ ಬಿದ್ದ ದಿನವೇ ಬೀದಿಯವರಿಗೆಲ್ಲ ಹಂಚೋದು ಅಂತ ಮಾಡಿದ್ದೀನಿ, ಡಬ್ಬಿಯಲ್ಲಿ ಇಡೋ ಹಾಗಿಲ್ಲವಲ್ಲ!