ಒಂದು ಹೆಜ್ಜೆ ಹಿಂದಿಡುವ ಬುದ್ಧಿ

ತಲೆಗೆ ಪೆಟ್ಟು ಬಿದ್ದು ಗುಣಮುಖರಾದ ಕೆಲವರು ಸ್ಪಷ್ಟವಾಗಿ ಮಾತನಾಡುತ್ತಾರೆ, ಹಳೆಯದನ್ನೆಲ್ಲ ನೆನಪಿಟ್ಟಿರುತ್ತಾರೆ. ಆದರೆ ಕೈಗೊಂಡ ಕೆಲಸವನ್ನು ಕ್ರಮವಾಗಿ ಮುಗಿಸಲಾರರು. ಮನೆಯವರು ಇದನ್ನು ಸೋಮಾರಿತನವೆಂದು ಜರೆಯುತ್ತಾರೆ. ನಮ್ಮಲ್ಲಿಗೆ ಬಂದ ನಿವೃತ್ತ ಶಿಕ್ಷಕರೊಬ್ಬರ ವಿಷಯದಲ್ಲಿ ನಾವೂ ಹಾಗೆಯೇ ಭಾವಿಸಿ, ಮನಸ್ಸು ಗಟ್ಟಿಮಾಡಿಕೊಳ್ಳಿರೆಂದು ಬುದ್ಧಿ ಹೇಳಿ ಕಳುಹಿಸಿದ್ದೆವು. ನಮ್ಮ ತಪ್ಪನ್ನು ತೋರಿಸಿಕೊಟ್ಟದ್ದು ಒಂದು ಆಟ.

ಅವರ ಮಗ ಮನೋವಿಜ್ಞಾನ ಪರೀಕ್ಷೆಗೆ ಕರೆದೊಯ್ದಾಗ ನಾವೂ ಜೊತೆಗಿದ್ದೆವು. ಗಣಕಯಂತ್ರದ ಪರದೆಯ ಮೇಲೆ ಮೂರು ಕಂಬಗಳು. ಮೊದಲನೆಯದರಲ್ಲಿ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಇರುವಂತೆ ಮೂರು ಬಿಲ್ಲೆಗಳು. ಅವನ್ನೆಲ್ಲ ಮೂರನೆಯ ಕಂಬಕ್ಕೆ ಸಾಗಿಸಬೇಕು. ಒಮ್ಮೆಗೆ ಒಂದೇ ಬಿಲ್ಲೆಯನ್ನು ಎತ್ತಬೇಕು. ಚಿಕ್ಕದರ ಮೇಲೆ ದೊಡ್ಡದನ್ನು ಇಡಕೂಡದು. 'ಹನೋಯ್ ಗೋಪುರ'ವೆಂಬ ಈ ಆಟವನ್ನು 1883ರಲ್ಲಿ ಲೋಕಕ್ಕೆ ಕೊಟ್ಟವರು ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ. ಕಾಶಿಯ ದೇಗುಲದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಸಾಗಿಸುತ್ತಿರುವರೆಂಬ ಕಥೆಯೊಂದು ಇದಕ್ಕೆ ಅಂಟಿಕೊಂಡಿದೆ. ಅದು ಫ್ರಾನ್ಸಿನಲ್ಲಿ ಹೆಣೆದ ಕಥೆಯೇ ಹೊರತು ನಮ್ಮ ಪುರಾಣದ್ದಲ್ಲ.

ಮೂರು ಬಿಲ್ಲೆಗಳಿಗೆ ಕನಿಷ್ಠ 7 ನಡೆಗಳು ಬೇಕು. ನಾಲ್ಕಕ್ಕೆ 15, ಐದಕ್ಕೆ 31. ಸದ್ಭಕ್ತರು ಗಾತ್ರದಲ್ಲಿ ಭಿನ್ನವಾದ ಮೂರು ನಾಣ್ಯಗಳಿಂದ ಆಡಿ ನೋಡಬಹುದು. ಮೊದಲು ಚಿಕ್ಕದನ್ನು ಮೂರನೆಯ ನೆಲೆಗೆ, ಬಳಿಕ ನಡುವಿನದನ್ನು ಎರಡನೆಯ ನೆಲೆಗೆ ಒಯ್ಯಬೇಕು. ಮರ್ಮವಿರುವುದು ಮೂರನೆಯ ನಡೆಯಲ್ಲಿ. ಗುರಿಯನ್ನು ಆಗಲೇ ಮುಟ್ಟಿದ ಚಿಕ್ಕ ನಾಣ್ಯವನ್ನು ಅಲ್ಲಿಂದ ತೆಗೆದು ನಡುವಿನದರ ಮೇಲಿಡಬೇಕು. ಆಗ ಮಾತ್ರ ದೊಡ್ಡದಕ್ಕೆ ದಾರಿ ತೆರೆಯುತ್ತದೆ.

ನಮ್ಮ ಶಿಕ್ಷಕರು ನಿಂತದ್ದು ಅಲ್ಲಿಯೇ. ನಿಯಮಗಳನ್ನು ತಪ್ಪಿಲ್ಲದೆ ಒಪ್ಪಿಸಿದರು, ಆದರೆ "ಬಂದು ಸೇರಿದ್ದನ್ನು ಮತ್ತೇಕೆ ತೆಗೆಯಬೇಕು?" ಎಂದು ಪುನಃ ಪುನಃ ಕೇಳಿದರು. ಮೊದಲ ನಡೆಗೆ ಮುನ್ನ ಯೋಚಿಸಿದ ಸಮಯ, ನಡೆಗಳ ಸಂಖ್ಯೆ, ನಿಯಮಭಂಗ ಎಲ್ಲವನ್ನೂ ಯಂತ್ರ ದಾಖಲಿಸಿತು.

ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ಧಕ್ಕೆಯಾದವರು ಈ ಆಟದಲ್ಲಿ ಎಡವುವುದನ್ನು ಗೋಯಲ್ ಮತ್ತು ಗ್ರಾಫ್‌ಮನ್ 1995ರಲ್ಲಿ ವಿವರಿಸಿದರು. ಹತ್ತಿರದ ಗೆಲುವನ್ನು ಬಿಟ್ಟು ಹಿಂದೆ ಸರಿಯುವುದೇ ಅವರಿಗೆ ಕಷ್ಟವೆಂಬುದು ಅವರ ಅಭಿಪ್ರಾಯ. ಇದಕ್ಕೂ ಮುನ್ನ, 1982ರಲ್ಲಿ, ಲಂಡನ್ನಿನ ಟಿಮ್ ಶಾಲಿಸ್ ಇದೇ ಮಾದರಿಯ 'ಲಂಡನ್ ಗೋಪುರ'ದಿಂದ ಯೋಜನಾಶಕ್ತಿಯ ದೋಷವನ್ನು ಗುರುತಿಸಿದ್ದರು. ಚರಕಸಂಹಿತೆಯು ಧೀ, ಧೃತಿ, ಸ್ಮೃತಿಗಳನ್ನು ಬೇರೆಬೇರೆಯಾಗಿ ಹೇಳಿ, ಮನಸ್ಸನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ಧೃತಿಯೆಂದು ಕರೆದಿದೆ. ಸ್ಮೃತಿ ಉಳಿದೂ ಧೃತಿ ಕುಂದಬಹುದೆಂಬುದನ್ನು ನಾವು ಓದಿದ್ದೆವು. ಕಣ್ಣಾರೆ ಕಂಡದ್ದು ಅಂದು.

ಈ ಒಂದು ಆಟದಿಂದಲೇ ರೋಗವನ್ನು ನಿರ್ಧರಿಸಲಾಗದು. ನಿದ್ರೆಗೆಟ್ಟವರು, ದೃಷ್ಟಿ ಮಂದವಾದವರು, ಗಣಕಯಂತ್ರದ ಬಳಕೆಯಿಲ್ಲದವರು ಸಹ ತಡವರಿಸಬಹುದು. ಆಟವನ್ನು ದಿನವೂ ಆಡಿದರೆ ಆಟದಲ್ಲಿ ನೈಪುಣ್ಯ ಬರುತ್ತದೆ. ಅದರಿಂದಲೇ ಮನೆವಾರ್ತೆ ಸುಧಾರಿಸುವುದೆಂದು ನಂಬಬಾರದು. ಪೆಟ್ಟು ಅಥವಾ ಪಾರ್ಶ್ವವಾಯುವಿನ ನಂತರ ಹಿರಿಯರ ನಡವಳಿಕೆ ಬದಲಾದರೆ ನರರೋಗ ತಜ್ಞರಿಗೆ ತೋರಿಸಿರಿ. ಬದಲಾವಣೆ ಹಠಾತ್ತನೆ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ಶಿಕ್ಷಕರ ಮನೆಯಲ್ಲಿ ಈಗ ದಿನದ ಕೆಲಸಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಬರೆದಿಡುತ್ತಾರೆ. ಒಂದು ಮುಗಿದ ಮೇಲೆ ಇನ್ನೊಂದು. ಬೈಗುಳ ನಿಂತಿದೆ. ನಾವೂ ಅವರಲ್ಲಿ ಕ್ಷಮೆ ಕೇಳಿದೆವು. ಆಡಿದ ಮಾತನ್ನು ಹಿಂದೆಗೆದುಕೊಳ್ಳುವುದೂ ಒಮ್ಮೊಮ್ಮೆ ಮುಂದಿನ ದಾರಿಯನ್ನು ತೆರೆಯುತ್ತದೆ.