ಗುರಿಗಿಂತ ಮೊದಲು ಭರವಸೆ

1520ರ ಮೇ ತಿಂಗಳ ಬಿಸಿಲಿನಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದರು. ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿರುವಂತೆ, ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಸಿಡಿದು ವಿಜಯನಗರದ ಮುಂಚೂಣಿಯನ್ನು ಚೆಲ್ಲಾಪಿಲ್ಲಿ ಮಾಡಿದವು. ಆದರೆ ಅವುಗಳಿಗೆ ಮತ್ತೆ ಮದ್ದು ತುಂಬುವುದು ನಿಧಾನದ ಕೆಲಸ. ರಾಯ ತನ್ನ ಪಡೆಯನ್ನು ಒಗ್ಗೂಡಿಸಿ ಮೇಲೆ ಬಿದ್ದ, ಗೆದ್ದ. ಬಳಿಕ ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬವನ ಜೊತೆಗಿದ್ದ ಕೆಲವೇ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲೆ ತಲೆ ತೋರಿದವರನ್ನು ಗುರಿಯಿಟ್ಟು ಉರುಳಿಸಿದರು. ಗುರಿ ಎಷ್ಟು ಮುಖ್ಯವೋ ಮುಂದಿನ ಗುಂಡಿನ ಖಾತ್ರಿಯೂ ಅಷ್ಟೇ ಮುಖ್ಯ ಎಂಬುದು ಐದು ಶತಮಾನಗಳ ಹಿಂದೆಯೇ ಈ ನೆಲದಲ್ಲಿ ತಿಳಿದುಬಂದಿತ್ತು.

ಇಂದಿನ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಈ ಖಾತ್ರಿಯೇ ಅರ್ಧ ಗೆಲುವು. ದೂರ 25 ಮೀಟರ್, ಗುಂಡುಗಳು 60. ಮೊದಲ 30 ಗುಂಡು ನಿಧಾನದ ಹಂತಕ್ಕೆ. ಐದೈದು ಗುಂಡಿಗೆ ಐದೈದು ನಿಮಿಷ. ಉಳಿದ 30 ಗುಂಡು ವೇಗದ ಹಂತಕ್ಕೆ. ಗುರಿಫಲಕ ಮೂರು ಸೆಕೆಂಡು ಕಾಣಿಸಿ ಏಳು ಸೆಕೆಂಡು ಮರೆಯಾಗುತ್ತದೆ, ಪ್ರತಿ ದರ್ಶನಕ್ಕೆ ಒಂದೇ ಗುಂಡು. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಈ ಸ್ಪರ್ಧೆಯ ಚಿನ್ನ ಗೆದ್ದದ್ದು 600ಕ್ಕೆ 590 ಅಂಕ ಗಳಿಸಿ. ಈ ಮಟ್ಟದಲ್ಲಿ ಹಾರದೆ ಉಳಿದ ಒಂದು ಗುಂಡು ಪದಕವನ್ನೇ ಕಸಿಯಬಲ್ಲದು.

ಸೆಂಟರ್ ಫೈರ್ ತೋಟೆಯ ತಳದ ನಡುವೆ ಪುಟ್ಟ ಕೇಪು ಇರುತ್ತದೆ. ಪಿಸ್ತೂಲಿನ ಸೂಜಿ ಅದಕ್ಕೆ ಬಡಿದಾಗ ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. .22 ತೋಟೆಯಲ್ಲಿ ಸಿಡಿಯುವ ರಾಸಾಯನಿಕ ತಳದ ಅಂಚಿನ ಮಡಿಕೆಯೊಳಗಿರುತ್ತದೆ. ಅದು ಸುತ್ತಲೂ ಸಮನಾಗಿ ಹರಡದಿದ್ದರೆ ಸೂಜಿ ಬಿದ್ದ ಕಡೆ ಹೊತ್ತದೆ ಹೋಗಬಹುದು. ಹೊತ್ತುವ ವಿಷಯದಲ್ಲಿ ಸೆಂಟರ್ ಫೈರ್ ಹೆಚ್ಚು ನಂಬಿಗಸ್ತ. ಅದರ ತೊಂದರೆಗಳು ಹುಟ್ಟುವುದು ಬೇರೆ ಕಡೆ.

ಸ್ಪರ್ಧೆಗೆ 7.62ರಿಂದ 9.65 ಮಿಲಿಮೀಟರ್‌ವರೆಗಿನ ಬೋರ್ ಸಲ್ಲುತ್ತದೆ. ಬಹುತೇಕರು ಆರಿಸುವುದು .32 ಎಸ್ ಆಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್ ತೋಟೆಯನ್ನು. ಒದೆತ ಕಡಿಮೆ, ಚಪ್ಪಟೆ ಮೂತಿಯ ಸೀಸದ ಗುಂಡು ಕಾಗದದಲ್ಲಿ ಅಂಚು ಹರಿಯದ ದುಂಡು ತೂತು ಕೊರೆಯುವುದರಿಂದ ಅಂಕ ಎಣಿಸಲು ಸಲೀಸು. ಆದರೆ ಈ ತೋಟೆ ಹುಟ್ಟಿದ್ದು ರಿವಾಲ್ವರಿಗಾಗಿ. ತಳದಲ್ಲಿ ಹೊರಚಾಚಿದ ಅಂಚಿದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ತೋಟೆ ಮುಂದಕ್ಕೆ ಜಾರದು. ಮೂತಿ ಚೂಪಾಗಿಲ್ಲದ ಕಾರಣ ನಳಿಗೆಯ ಬಾಯಿಗೆ ತಾಗಿ ನಿಂತುಬಿಡಲೂಬಹುದು.

ಇನ್ನೊಂದು ತೊಡಕು ಶಕ್ತಿಯ ಲೆಕ್ಕಾಚಾರದ್ದು. ಅರೆ ಸ್ವಯಂಚಾಲಿತ ಪಿಸ್ತೂಲು ಗುಂಡಿನ ಒದೆತದಿಂದಲೇ ಖಾಲಿ ತೋಟೆಯನ್ನು ಹೊರಗೆಸೆದು ಹೊಸದನ್ನು ಒಳಗೆಳೆಯುತ್ತದೆ. ವಾಡ್‌ಕಟರ್‌ನ ಒದೆತವೇ ಮೆದು. ಸ್ಪ್ರಿಂಗ್ ತುಸು ಬಿಗಿಯಾದರೂ, ಸೀಸ ಮತ್ತು ಮೇಣದ ಜಿಡ್ಡು ಕಟ್ಟಿಕೊಂಡರೂ, ಮಣಿಕಟ್ಟು ಸಡಿಲಾದರೂ ಚಲನೆ ಅರ್ಧಕ್ಕೇ ನಿಲ್ಲುತ್ತದೆ.

ಇಲ್ಲಿಗೆ ನಮ್ಮ ಹವೆಯನ್ನೂ ಸೇರಿಸಿಕೊಳ್ಳಬೇಕು. ರಾಯಚೂರಿನ ಬೇಸಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಬಿಸಿಲಲ್ಲಿ ನಿಂತ ಕಾರಿನೊಳಗೆ ಸೆಕೆ ಇನ್ನೂ ಹೆಚ್ಚು. ಬಿಸಿಯಾದ ಮದ್ದು ಬೇಗ ಉರಿದು ಒತ್ತಡ ಏರುತ್ತದೆ, ಗುಂಡಿನ ವೇಗ ಬದಲಾಗುತ್ತದೆ. ಗುಂಡಿಗೆ ಸವರಿದ ಮೇಣವೂ ಮೆತ್ತಗಾಗುತ್ತದೆ. ದೇವದುರ್ಗ, ಮಾನ್ವಿ ಕಡೆಯ ಎರೆ ಮಣ್ಣಿನ ನುಣುಪು ದೂಳು ಹೆಚ್ಚಾಗಿ ಬಳಿದ ಎಣ್ಣೆಗೆ ಅಂಟಿ ಅರೆಯುವ ಕೆಸರಾಗುತ್ತದೆ. ಆದ್ದರಿಂದ ಎಣ್ಣೆ ತೆಳ್ಳಗೆ ಸವರಬೇಕು, ಪೆಟ್ಟಿಗೆ ಭದ್ರವಾಗಿ ಮುಚ್ಚಿರಬೇಕು, ತೋಟೆ ನೆರಳಿನಲ್ಲಿರಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು? ರಿವಾಲ್ವರಿನ ಉರುಳೆ ತಿರುಗುವುದು ಕೈಬಲದಿಂದ, ಒದೆತದಿಂದಲ್ಲ. ಒಂದು ತೋಟೆ ಹೊತ್ತದಿದ್ದರೂ ಯಂತ್ರ ಸಿಕ್ಕಿಕೊಳ್ಳದು. ವೇಗದ ಹಂತದಲ್ಲೂ ಏಳು ಸೆಕೆಂಡಿನ ಬಿಡುವಿನಲ್ಲಿ ಹೆಬ್ಬೆರಳಿನಿಂದ ಸುತ್ತಿಗೆ ಎಳೆದುಕೊಳ್ಳಬಹುದು. ಫ್ರಾನ್ಸಿನ ಮ್ಯಾನುರಿನ್ ಎಂಆರ್ 32 ರಿವಾಲ್ವರ್ ತಯಾರಾದದ್ದೇ ಈ ಸ್ಪರ್ಧೆಗೆ. ವಾಲ್ಟರ್ ಜಿಎಸ್‌ಪಿ, ಪಾರ್ಡಿನಿಯಂಥ ಪಿಸ್ತೂಲುಗಳು ಕೈಹಿಡಿತವನ್ನು ಕದಲಿಸಬೇಕಾಗಿಲ್ಲದ ಅನುಕೂಲ ಕೊಡುತ್ತವೆ, ಪ್ರತಿಯಾಗಿ ಶಿಸ್ತಿನ ಆರೈಕೆ ಕೇಳುತ್ತವೆ. 9 ಮಿಲಿಮೀಟರ್ ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ಪರವಾನಗಿದಾರರಿಗೆ .32 ಸಹಜ ದಾರಿ.

ಕೆಟ್ಟರೆ ಮೊದಲು ಮ್ಯಾಗಜೀನ್ ನೋಡಬೇಕು. ಕೆಳಗೆ ಬಿದ್ದು ಅದರ ತುಟಿ ಕೂದಲೆಳೆಯಷ್ಟು ಬಾಗಿದರೂ ತೋಟೆ ಏರುವ ಕೋನ ತಪ್ಪುತ್ತದೆ. ಪ್ರತಿ ಮ್ಯಾಗಜೀನಿಗೂ ಸಂಖ್ಯೆ ಬರೆದು, ಯಾವುದರಲ್ಲಿ, ಯಾವ ತೋಟೆಯಲ್ಲಿ ತೊಂದರೆಯಾಯಿತೆಂದು ದಾಖಲಿಸಬೇಕು. ಒಮ್ಮೆಗೆ ಒಂದನ್ನೇ ಬದಲಿಸಿದರೆ ದೋಷದ ಮೂಲ ಸಿಗುತ್ತದೆ. ಸದ್ದು ಕ್ಷೀಣವಾಗಿ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು; ಮತ್ತೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಆಗ ಟ್ರಿಗರ್‌ನಿಂದ ಬೆರಳು ತೆಗೆದು, ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅಧಿಕಾರಿಗೆ ಕೈಯೆತ್ತುವುದು ನಿಯಮ.

ಸ್ಪರ್ಧಾಳು ಮೂರು ಸೆಕೆಂಡಿನಲ್ಲಿ ಉಸಿರು, ಕಣ್ಣು, ಬೆರಳು ಮೂರನ್ನೂ ಒಂದುಗೂಡಿಸಬೇಕು. ‘ಈ ಸಲ ಸಿಡಿಯುತ್ತದೆಯೇ’ ಎಂಬ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ. ಆದ್ದರಿಂದ ಈ ಕ್ರೀಡೆಗಿಳಿಯುವ ನಮ್ಮ ಜಿಲ್ಲೆಯ ಯುವಕರು ಬೆಲೆಯನ್ನೂ ಹೆಸರನ್ನೂ ಆಮೇಲೆ ನೋಡಲಿ; ತಮ್ಮದೇ ತೋಟೆಯೊಂದಿಗೆ, ತಮ್ಮದೇ ಹವೆಯಲ್ಲಿ, ನೂರಾರು ಸಲ ತಡೆಯಿಲ್ಲದೆ ನಡೆದ ಪಿಸ್ತೂಲನ್ನೇ ನಂಬಲಿ.